ಏಳನೇ ಟ್ಯಾಂಕಿನ ಕೈಗುಣ

ನನ್ನ ಭಾವನನ್ನು ನಮ್ಮ ಎಣ್ಣೆ ಡಿಪೋದಲ್ಲಿ ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಾರೆ. ಎದುರಿಗೆ ಕರೆಯುವವರು ಕೊನೆಗೊಂದು ‘ಸಾರ್’ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಹಾಲಿನ ಪಾತ್ರೆಗೆ ಬೆಂಕಿಕಡ್ಡಿ ಅದ್ದಿ, “ನಿನ್ನೆಗಿಂತ ಎರಡು ಮಿಲಿಮೀಟರ್ ಕಡಿಮೆ ಇದೆಯಲ್ಲ, ಯಾರು ಕುಡಿದ್ರು?” ಎಂದು ಕೇಳಿದ ಮನುಷ್ಯ ಅವರು. ಕುಡಿದವನು ನಾನೇ. ಅಕ್ಕನ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ವಾಸ, ಭಾವನ ಡಿಪೋದಲ್ಲೇ ಗುಮಾಸ್ತಗಿರಿ. ಹೀಗಾಗಿ ಇಪ್ಪತ್ತನಾಲ್ಕು ಗಂಟೆಯೂ ನಾನು ಅವರ ಅಳತೆಯೊಳಗೇ ಇರುತ್ತೇನೆ.

ಡಿಪೋದಲ್ಲಿ ಏಳು ಟ್ಯಾಂಕುಗಳಿವೆ. ಆರರಲ್ಲಿ ಎಣ್ಣೆ. ಏಳನೆಯದರಲ್ಲಿ ಬರೀ ನೀರು, ಬೆಂಕಿ ಬಿದ್ದರೆ ಇರಲಿ ಎಂದು ಇಟ್ಟದ್ದು. ಪ್ರತಿ ಟ್ಯಾಂಕಿಗೂ ಮೈಸುತ್ತಿ ಏರುವ ತೊಂಬತ್ತಾರು ಮೆಟ್ಟಿಲು. ಇಪ್ಪತ್ತಾರು ವರ್ಷಗಳಿಂದ ಭಾವ ಬೆಳಿಗ್ಗೆ ಒಂಬತ್ತಕ್ಕೆ ಹೆಗಲಿಗೆ ಉಕ್ಕಿನ ಟೇಪು, ಕಂಕುಳಲ್ಲಿ ರಿಜಿಸ್ಟರು, ಸೊಂಟಕ್ಕೆ ದಾರ ಕಟ್ಟಿದ ಸ್ಟೀಲ್ ನೀರಿನ ಬಾಟಲಿ, ಈ ಮೂರನ್ನು ಹೊತ್ತು ಮೆಟ್ಟಿಲು ಹತ್ತುತ್ತಾ ಬಂದಿದ್ದಾರೆ. ಟ್ಯಾಂಕಿನ ತಲೆಯ ಮೇಲೆ ಒಂದು ಸಣ್ಣ ಮುಚ್ಚಳ. ಅದರ ಕೆಳಗೆ ತಳದವರೆಗೂ ಇಳಿದ ಒಂದು ಕೊಳವೆ. ಮುಚ್ಚಳ ತೆಗೆದು, ಟೇಪಿನ ತುದಿಯ ಹಿತ್ತಾಳೆ ಗುಂಡನ್ನು ಕೊಳವೆಯೊಳಗೆ ಇಳಿಬಿಡಬೇಕು. ಗುಂಡು ತಳಕ್ಕೆ ತಾಗಿದ್ದು ಕೈಗೆ ಗೊತ್ತಾಗಬೇಕು. ಮೇಲಕ್ಕೆಳೆದಾಗ ಟೇಪು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದೇ ಅಳತೆ. ಕೇಳುವುದಕ್ಕೆ ಸುಲಭ. ನಾನು ಒಂದು ದಿನ ಮಾಡಲು ಹೋಗಿ ಟೇಪು, ರಿಜಿಸ್ಟರು, ಮೂಗಿನ ಮೇಲಿದ್ದ ಕನ್ನಡಕ ಎಲ್ಲವನ್ನೂ ಒದ್ದೆ ಮಾಡಿಕೊಂಡು ಬಂದಿದ್ದೆ.

ಇಳಿದು ಬಂದ ಮೇಲೆ ಭಾವ ನೇರ ನನ್ನ ಮೇಜಿನ ಮುಂದೆ ನಿಂತು, ತೀರ್ಪು ಓದುವ ನ್ಯಾಯಾಧೀಶರ ಗತ್ತಿನಲ್ಲಿ ಹೇಳುತ್ತಿದ್ದರು: “ಟ್ಯಾಂಕ್ ಏಳು. ನೀರು ಎಂಟು ಸಾವಿರದ ಇನ್ನೂರ ಹದಿನೈದು ಮಿಲಿಮೀಟರ್. ನನ್ನ ಕಣ್ಣಾರೆ ನೋಡಿದ್ದು.” ಕೊನೆಯ ಮೂರು ಪದಗಳನ್ನೂ ನಾನು ಬರೆದುಕೊಳ್ಳಬೇಕಿತ್ತು. ಒಮ್ಮೆ ಬಿಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಇಂಥವರ ಮುಂದೆ ಒಂದು ದಿನ ಆ ಯಂತ್ರವನ್ನು ತಂದು ಇಳಿಸಿದರು.

ತಂದವಳು ಯಂತ್ರದ ಕಂಪನಿಯ ಎಂಜಿನಿಯರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಜಡೆಯಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಏಳನೇ ಟ್ಯಾಂಕಿನ ಕೊಳವೆಯ ತಲೆಯ ಮೇಲೆ ಬೋಗುಣಿಯಂಥ ಒಂದು ಪೆಟ್ಟಿಗೆಯನ್ನು ಕೂರಿಸಿ, ಕೈಯಿಂದ ಅಳೆಯುವ ಮುಚ್ಚಳವನ್ನು ಪಕ್ಕದಲ್ಲೇ ಹಾಗೇ ಉಳಿಸಿದಳು. ಆಮೇಲೆ ಭಾವನನ್ನು ಕೂರಿಸಿಕೊಂಡು ವಿವರಿಸಿದಳು.

“ಇದು ರೇಡಾರ್ ಸಾರ್. ಮೇಲಿಂದ ಒಂದು ಅಲೆ ಬಿಡುತ್ತೆ. ಅದು ಕೆಳಗೆ ಹೋಗಿ ನೀರಿಗೆ ತಾಗಿ ವಾಪಸ್ ಬರುತ್ತೆ. ಹೋಗಿ ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದ್ರ ಮೇಲೆ ಎಷ್ಟು ಜಾಗ ಖಾಲಿ ಇದೆ ಅಂತ ಲೆಕ್ಕ ಹಾಕುತ್ತೆ.”

“ಖಾಲಿ ಅಳೆದ್ರೆ ನೀರು ಎಷ್ಟಿದೆ ಅಂತ ಹೇಗಮ್ಮ ಗೊತ್ತಾಗೋದು?”

“ಟ್ಯಾಂಕಿನ ಪೂರ್ತಿ ಎತ್ತರದಲ್ಲಿ ಖಾಲಿ ಜಾಗ ಕಳೆದ್ರೆ ಉಳಿಯೋದು ನೀರೇ ಅಲ್ವಾ ಸಾರ್. ಎತ್ತರ ನಿಮ್ಮ ರಿಜಿಸ್ಟರ್‌ನಲ್ಲೇ ಇತ್ತು. ಹನ್ನೆರಡು ಸಾವಿರದ ನಾನೂರ ಮೂವತ್ತು. ಅದನ್ನೇ ಯಂತ್ರಕ್ಕೆ ಕೊಟ್ಟಿದ್ದೀನಿ.”

“ಅಂದ್ರೆ ನಾನು ಇರೋದನ್ನ ಅಳೀತೀನಿ, ಇದು ಇಲ್ಲದ್ದನ್ನ ಅಳೆಯುತ್ತೆ,” ಎಂದರು ಭಾವ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ ಸಂಜೆಯೊಳಗೆ ಕಾವಲುಗಾರ, ಕ್ಯಾಂಟೀನಿನವನು, ನಮ್ಮ ಬೀದಿಯ ಟೈಲರು ಎಲ್ಲರಿಗೂ ಹೇಳಿ ಮುಗಿಸಿದ್ದರು.

ಆದರೆ ಮ್ಯಾನೇಜರು ಹೇಳಿದ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಒಂದು ತಿಂಗಳು ನೀರಿನ ಟ್ಯಾಂಕಿನ ಮೇಲೆ ಪರೀಕ್ಷೆ. ಯಂತ್ರ ಪಾಸಾದರೆ ಉಳಿದ ಆರಕ್ಕೂ ಅದೇ ಬರುತ್ತದೆ. ಮಿಲಿಮೀಟರ್ ಅವರು ಗೇಟಿನಲ್ಲಿ ಕೂತು ಒಳಗೆ ಬರುವವರಿಗೆ ಪಾಸ್ ಬರೆದು ಕೊಡಬೇಕು. ನಿವೃತ್ತಿಗೆ ಇನ್ನು ಉಳಿದಿರುವುದು ಒಂದೂವರೆ ವರ್ಷ. ಇಪ್ಪತ್ತಾರು ವರ್ಷ ಟ್ಯಾಂಕಿನ ತಲೆಯ ಮೇಲೆ ನಿಂತವರು ಕೊನೆಯ ಒಂದೂವರೆ ವರ್ಷ ಗೇಟಿನ ಪಕ್ಕ ಸ್ಟೂಲಿನ ಮೇಲೆ. ಆ ರಾತ್ರಿ ಊಟಕ್ಕೆ ಕೂತಾಗ ಭಾವ ಹಾಲಿನ ಪಾತ್ರೆಯ ಕಡೆ ನೋಡಲೂ ಇಲ್ಲ. ಅಕ್ಕನಿಗೆ ಅಲ್ಲೇ ಗಾಬರಿಯಾಯಿತು.

ಮೊದಲ ದಿನ ಒಂಬತ್ತಕ್ಕೆ ಭಾವ ಏಳನೇ ಟ್ಯಾಂಕ್ ಹತ್ತಿ ಅಳೆದು, ಮೇಲಿಂದಲೇ ಕೂಗಿ ಹೇಳಿದರು: 8,215. ನನ್ನ ಮುಂದಿನ ಪರದೆಯ ಮೇಲೆ ಯಂತ್ರ ತೋರಿಸಿದ್ದು: 8,215. ನಾನು ಕಿಟಕಿಯಿಂದ ಅದನ್ನೇ ಕೂಗಿದಾಗ ಭಾವನ ಮುಖ ಸಪ್ಪಗಾಯಿತು. ಕುಡಿಯುವ ನೀರು ತಣ್ಣಗಾಗಲೆಂದು ಅವರು ಬಾಟಲಿಯನ್ನು ಎಂದಿನಂತೆ ಅದರ ಜಾಗದಲ್ಲಿಟ್ಟು, ಮಿಕ್ಕ ಟ್ಯಾಂಕುಗಳ ಕಡೆ ಹೋದರು. ಅದರ ಜಾಗ ಯಾವುದೆಂದು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಬಾಟಲಿಯ ಬಗ್ಗೆ ಯಾರು ತಾನೆ ಕೇಳುತ್ತಾರೆ. ನಾನು ಟೀ ಕುಡಿಯಲು ಹೋದೆ.

ಸೈರನ್ ಕೂಗಿತು.

ಟ್ಯಾಂಕು ಅತಿಯಾಗಿ ತುಂಬಿದರೆ ಕೂಗುವ ಸೈರನ್ ಅದು. ಯಂತ್ರಕ್ಕೆ ಸ್ವಲ್ಪ ತಾಳ್ಮೆ ಕಲಿಸಿದ್ದರು. ನೀರಿನಲ್ಲಿ ತೆರೆ ಎದ್ದಾಗಲೆಲ್ಲ ಕಿರುಚಬಾರದೆಂದು ಹತ್ತು ನಿಮಿಷ ಕಾದು, ಖಚಿತ ಮಾಡಿಕೊಂಡು, ಆಮೇಲೆ ಕೂಗುತ್ತಿತ್ತು. ಕೂಗಿದರೆ ನಿಯಮದ ಪ್ರಕಾರ ಲಾರಿಗಳೆಲ್ಲ ಎಂಜಿನ್ ಆರಿಸಬೇಕು, ಡಿಪೋದ ಎಲ್ಲರೂ ಬಾವುಟದ ಕಂಬದ ಕೆಳಗೆ ಸಾಲಾಗಿ ನಿಲ್ಲಬೇಕು, ಕಾವಲುಗಾರ ತಲೆ ಎಣಿಸಬೇಕು. ನಾನು ಟೀ ಲೋಟದ ಸಮೇತ ಓಡಿಬಂದು ಪರದೆ ನೋಡಿದರೆ 11,640 ಎಂದಿತ್ತು. ಹತ್ತು ನಿಮಿಷದಲ್ಲಿ ಮೂರು ಮೀಟರಿಗಿಂತ ಹೆಚ್ಚು ನೀರು ಎಲ್ಲಿಂದಲೋ ಬಂದು ಸೇರಿತ್ತು.

ಭಾವ ಎರಡನೇ ಟ್ಯಾಂಕಿನಿಂದ ಇಳಿದು, ಏಳನೆಯದನ್ನು ಹತ್ತಿದರು. ಅವರು ಮುಚ್ಚಳ ತೆಗೆದು ಬಗ್ಗಿದ್ದೇ ತಡ, ಸೈರನ್ ಬಾಯಿ ಮುಚ್ಚಿತು. ಟೇಪು ಇಳಿಬಿಟ್ಟು, ಅಳೆದು, ಏದುಸಿರು ಬಿಡುತ್ತಾ ಗಟಗಟನೆ ಬಾಟಲಿ ಖಾಲಿ ಮಾಡಿ, ಇಳಿದು ಬಂದು, ಕಂಬದ ಕೆಳಗಿನ ಅರವತ್ತಮೂರು ಮಂದಿಯ ಮುಂದೆ ಘೋಷಿಸಿದರು: “ಟ್ಯಾಂಕ್ ಏಳು. ನೀರು ಎಂಟು ಸಾವಿರದ ಇನ್ನೂರ ಹದಿನೈದು. ನನ್ನ ಕಣ್ಣಾರೆ ನೋಡಿದ್ದು.” ಪರದೆ ನೋಡಿದೆ. ಅದೂ ತಪ್ಪೊಪ್ಪಿಕೊಂಡಂತೆ 8,215 ತೋರಿಸುತ್ತಿತ್ತು.

ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಒಂಬತ್ತಕ್ಕೆ ಇಬ್ಬರ ಅಳತೆಯೂ ಒಂದೇ. ಸ್ವಲ್ಪ ಹೊತ್ತಿಗೆ ಯಂತ್ರಕ್ಕೆ ಹುಚ್ಚು. ಭಾವ ಹತ್ತಿ ಮುಚ್ಚಳಕ್ಕೆ ಕೈ ಹಾಕಿದರೆ ಹುಚ್ಚು ಬಿಡುತ್ತಿತ್ತು. ಒಂದು ವಾರದಲ್ಲಿ ಡಿಪೋ ಈ ಏರ್ಪಾಡಿಗೆ ಒಗ್ಗಿಹೋಯಿತು. ಕ್ಯಾಂಟೀನಿನವನು ಟೀ ಕೆಟಲನ್ನು ನೇರ ಕಂಬದ ಕೆಳಗೇ ತರತೊಡಗಿದ. ಕಾವಲುಗಾರ ತಲೆ ಎಣಿಸಿ, “ಒಂದು ಕಡಿಮೆ,” ಎನ್ನುವನು. ಎಲ್ಲರೂ ಒಟ್ಟಿಗೆ ಕತ್ತೆತ್ತಿ ಟ್ಯಾಂಕಿನ ಮೇಲೆ ನೋಡುವರು. “ಸರಿಹೋಯ್ತು,” ಎಂದು ಅವನು ಸಹಿ ಹಾಕುವನು.

ಭಾನುವಾರ ಭಾವನಿಗೆ ರಜೆ. ಅಂದು ಯಂತ್ರ ಚಕಾರ ಎತ್ತಲಿಲ್ಲ.

“ನೋಡಿದ್ರಾ,” ಎಂದ ಕಾವಲುಗಾರ, “ಅವರು ಇಲ್ಲದ ದಿನ ಅದು ಕೂಗೋದೇ ಇಲ್ಲ. ಅವರು ಬಂದ್ರೆ ಎತ್ಕೋ ಅಂತ ಅಳುತ್ತೆ. ನಮ್ಮ ಮಗು ಹೀಗೇ ಮಾಡೋದು, ಅದರ ಅಜ್ಜಿ ಕಂಡ್ರೆ.”

ಈ ವಿವರಣೆಗೆ ಡಿಪೋದಲ್ಲಿ ಯಾರೂ ತಕರಾರು ಮಾಡಲಿಲ್ಲ. ಮ್ಯಾನೇಜರು ಮಾತ್ರ ಓದಿದವರಾದ್ದರಿಂದ ಅದಕ್ಕೊಂದು ಗಂಭೀರವಾದ ಹೆಸರು ಕೊಟ್ಟರು. “ಇದು ಕೈಗುಣ,” ಎಂದರು. “ಕೆಲವು ಡಾಕ್ಟರಿಗಿರುತ್ತೆ. ಔಷಧಿ ಅದೇ, ಕೈ ಬೇರೆ.”

ಎಂಜಿನಿಯರ್ ಹುಡುಗಿಗೆ ಫೋನು ಹೋಯಿತು. ಅವಳ ಬಸ್ಸು ನಮ್ಮಲ್ಲಿಗೆ ತಲುಪುವುದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಎಲ್ಲ ಶಾಂತವಾಗಿರುತ್ತಿತ್ತು. ಒಂದು ದಿನ ತಂತಿ ಬದಲಿಸಿದಳು. ಇನ್ನೊಂದು ದಿನ ಪೆಟ್ಟಿಗೆಯನ್ನೇ ಬದಲಿಸಿದಳು. ಮುಚ್ಚಳ ತೆಗೆದು ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದಳು. ಏನೂ ಇಲ್ಲ. ನಾನು ದಿನಾ ಇಬ್ಬರ ಅಂಕಿಯನ್ನೂ ಬರೆಯುವ ಪುಸ್ತಕ ತಿರುವಿ ಹಾಕಿ ಹುಬ್ಬು ಗಂಟಿಕ್ಕಿದಳು.

“ದಿನಾ ಹನ್ನೊಂದು ಸಾವಿರದ ಆರುನೂರ ನಲವತ್ತೇ ತೋರಿಸುತ್ತಲ್ಲ ಸಾರ್. ಹುಚ್ಚು ಹಿಡಿದಿದ್ರೆ ದಿನಕ್ಕೊಂದು ಅಂಕಿ ತೋರಿಸ್ಬೇಕಿತ್ತು. ಇದು ಏನೋ ನೋಡ್ತಾ ಇದೆ.”

“ನಮ್ಮ ಭಾವನ್ನ ನೋಡ್ತಾ ಇದೆ,” ಎಂದೆ ನಾನು, ಕುಟುಂಬದ ಹೆಮ್ಮೆಯಿಂದ.

ಹೆಮ್ಮೆ ಎಂದೆನಲ್ಲ, ಅದು ನಮ್ಮ ಬೀದಿಯಲ್ಲಿ ಆಗಲೇ ಹರಡಿಹೋಗಿತ್ತು. ಮೊದಲು ಬಂದವರು ಟೈಲರು, ನಿಂತುಹೋದ ಗೋಡೆ ಗಡಿಯಾರದೊಂದಿಗೆ. ಭಾವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ಗಡಿಯಾರ ಟಿಕ್ ಎಂದಿತು. ಒಳಗೆ ಸೆಲ್ಲು ಸಡಿಲವಾಗಿತ್ತೆಂದು ನನ್ನ ಅನುಮಾನ. ಆದರೆ ಅಂಥ ಹೊತ್ತಿನಲ್ಲಿ ಅನುಮಾನ ಹೇಳುವವನಿಗೆ ಅಕ್ಕನ ಮನೆಯಲ್ಲಿ ಊಟ ಸಿಗುವುದಿಲ್ಲ. ಆಮೇಲೆ ಮಿಕ್ಸಿ ಬಂತು, ಇಸ್ತ್ರಿಪೆಟ್ಟಿಗೆ ಬಂತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ರಕ್ತದೊತ್ತಡ ನೋಡುವ ಯಂತ್ರವನ್ನೇ ಹೊತ್ತು ತಂದರು. ಅವರು ಸದಾ ದಪ್ಪ ಸ್ವೆಟರಿನಲ್ಲೇ ಇರುವವರು.

“ಮನೆಯಲ್ಲಿ ನೂರ ಎಪ್ಪತ್ತು ತೋರಿಸುತ್ತೆ. ಸ್ವಲ್ಪ ನಿಮ್ಮ ಕೈ ಇಡಿ,” ಎಂದರು.

ನಮ್ಮ ಜಗಲಿಯಲ್ಲಿ ಸೆಕೆ ಹೆಚ್ಚು. ಅವರು ಸ್ವೆಟರು ಬಿಚ್ಚಿ ಪಕ್ಕಕ್ಕಿಟ್ಟು, ತೋಳಿಗೆ ಪಟ್ಟಿ ಸುತ್ತಿಕೊಂಡರು. ಭಾವ ಯಂತ್ರದ ಮೇಲೆ ಎರಡು ಬೆರಳಿಟ್ಟರು. ನೂರ ಮೂವತ್ತೆರಡು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ ಅಕ್ಕನಿಗೆ, “ನೀವು ಪುಣ್ಯವಂತರು,” ಎಂದರು. ಅಂದಿನಿಂದ ಅಕ್ಕ ಭಾವನ ಬಲಗೈಗೆ ಪಾತ್ರೆ ತೊಳೆಯುವುದರಿಂದ ಬಿಡುಗಡೆ ಕೊಟ್ಟಳು. “ಆ ಕೈ ಸೋಪಿನಲ್ಲಿ ಹಾಳಾಗ್ಬಾರ್ದು. ನೀನು ತೊಳಿ,” ಎಂದು ನನಗೆ ಹೇಳಿದಳು.

ಬೇರೆಯವರು ನಂಬಿದ್ದು ಹೋಗಲಿ, ಭಾವನೂ ನಂಬಿಬಿಟ್ಟರು. ನಡೆಯುವಾಗ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು. ಒಮ್ಮೆ ನನ್ನ ಕೋಣೆಗೆ ಬಂದು ಮೆಲ್ಲಗೆ ಹೇಳಿದರು, “ಅದಕ್ಕೂ ಜೀವ ಇದೆ ಅನ್ಸುತ್ತೆ ಕಣೋ. ಪಾಪ, ಇಲ್ಲದ್ದನ್ನ ಅಳೆದೂ ಅಳೆದೂ ಅದಕ್ಕೆ ತಲೆ ಕೆಡುತ್ತೆ. ಇರೋದನ್ನ ಮುಟ್ಟಿದ ಕೈ ಬಂದ್ರೆ ಸಮಾಧಾನ ಆಗುತ್ತೆ.” ನಾನು ನಗಲಿಲ್ಲ. ಸ್ಟೂಲಿನ ಮೇಲೆ ಕೂರಬೇಕಾದವರು ಹೀಗೆ ಎದೆಯುಬ್ಬಿಸಿ ನಿಂತಿರುವುದು ನೋಡಿ ನನಗೂ ಖುಷಿಯಾಗಿತ್ತು.

ತಿಂಗಳು ಮುಗಿಯುವ ದಿನ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ತೀರ್ಮಾನಕ್ಕೆ ಬಂದರು. ಎಂಜಿನಿಯರ್ ಹುಡುಗಿ ಹಿಂದಿನ ದಿನವೇ ಬಂದು ಉಳಿದುಕೊಂಡಿದ್ದಳು. ಮ್ಯಾನೇಜರು ಭಾವನಿಗೆ ಹೊಸ ಹೆಲ್ಮೆಟ್ ಹಾಕಿಸಿ ಎಚ್ಚರಿಕೆ ಕೊಟ್ಟರು: “ಸಾಹೇಬರು ನೋಡ್ತಿರ್ತಾರೆ. ಮೇಲೆ ನಿಂತು ಗಟಗಟ ನೀರು ಕುಡೀಬೇಡಿ. ಕೈ ಬೀಸಿ, ಮರ್ಯಾದೆಯಾಗಿ ಇಳಿದು ಬನ್ನಿ.”

ಒಂಬತ್ತಕ್ಕೆ ಅಳತೆ ಆಯಿತು. ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು. ಲಾರಿಗಳು ನಿಂತವು, ಅರವತ್ತಮೂರು ಮಂದಿ ಸಾಲಾದರು, ಟೀ ಬಂತು. ಭಾವ ತೊಂಬತ್ತಾರು ಮೆಟ್ಟಿಲು ಹತ್ತಿ ಮುಚ್ಚಳಕ್ಕೆ ಕೈ ಹಾಕಿದರು, ಸೈರನ್ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಭಾವ ಅಪ್ಪಣೆಯಂತೆ ಕೈ ಬೀಸಿ, ನೀರು ಕುಡಿಯದೆ, ಬರಿಗೈಯಲ್ಲಿ ಇಳಿದು ಬಂದರು.

ಸಾಹೇಬರು ಭಾಷಣ ಶುರು ಮಾಡಿದರು. ಯಂತ್ರ ಎಷ್ಟಾದರೂ ಯಂತ್ರ, ಮನುಷ್ಯ ಮನುಷ್ಯನೇ ಎಂಬಲ್ಲಿಗೆ ಬಂದಿದ್ದರು. ಮತ್ತೆ ಸೈರನ್ ಕೂಗಿತು.

ಹೀಗೆ ಎಂದೂ ಆಗಿರಲಿಲ್ಲ. ಭಾವ ಗೊಂದಲದ ಮುಖ ಮಾಡಿಕೊಂಡು ಮತ್ತೆ ಹತ್ತಿದರು. ನಾನು ಪರದೆಯ ಮುಂದೆ ಕೂತಿದ್ದೆ, ಕಿಟಕಿಯಿಂದ ಟ್ಯಾಂಕಿನ ತಲೆ ಕಾಣುತ್ತಿತ್ತು. ಮುಚ್ಚಳ ತೆಗೆದು ಏನನ್ನೋ ಹೊರಗೆಳೆದರು. ಸೈರನ್ ನಿಂತಿತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಿಧಾನವಾಗಿ ಮತ್ತೆ ಒಳಗಿಳಿಸಿದರು. ಪರದೆಯ ಅಂಕಿ ಮೇಲಕ್ಕೆ ಹಾರಿತು. ಹತ್ತು ನಿಮಿಷ ಅವರು ಅಲ್ಲಾಡಲಿಲ್ಲ. ಸೈರನ್ ಕೂಗಿತು. ಹೊರಗೆಳೆದರು, ನಿಂತಿತು.

“ನೋಡಿ ಸಾರ್,” ಎಂದರು ಮ್ಯಾನೇಜರು ಕೆಳಗೆ, “ಬೇಕಾದಾಗ ಅಳಿಸ್ತಾರೆ, ಬೇಕಾದಾಗ ಸುಮ್ಮನಿರಿಸ್ತಾರೆ.”

“ಸಾಕು, ನಂಬಿದೆ,” ಎಂದರು ಸಾಹೇಬರು. “ಈ ಯಂತ್ರ ಬೇಡ. ಅವರೇ ಇರಲಿ.”

ಆ ಮಾತು ಮೇಲಿದ್ದ ಭಾವನಿಗೆ ಕೇಳಿಸಿತು. ಕೇಳಿಸಿತೆಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಅವರ ಕೈಯಲ್ಲಿದ್ದದ್ದು ಬಾಟಲಿ ಎಂದು ಕಿಟಕಿಯಿಂದ ನನಗೆ ಆಗ ಕಂಡಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದರೆ ಮುಗಿಯಿತು. ನೋಡಿದವರು ಅವರೊಬ್ಬರೇ, ಹೆಚ್ಚೆಂದರೆ ನಾನು. ನಾನು ಅಕ್ಕನ ತಮ್ಮ.

ಭಾವ ಬಾಟಲಿಯನ್ನು ಮತ್ತೆ ಕೊಳವೆಯೊಳಗಿನ ಒಂದು ಕೊಕ್ಕೆಗೆ ದಾರದಿಂದ ನೇತುಹಾಕಿದರು. ಹೆಗಲಿನಿಂದ ಟೇಪು ತೆಗೆದು ಮುಚ್ಚಳದ ಬಾಯಿಂದ ಬಾಟಲಿಯವರೆಗೆ ಅಳೆದರು. ಎರಡು ಸಲ ಅಳೆದರು. ರಿಜಿಸ್ಟರಿನಲ್ಲಿ ಏನೋ ಕಳೆದು ಬರೆದರು. ಆಮೇಲೆ ಬಾಟಲಿ ತೆಗೆದುಕೊಂಡು, ತೊಂಬತ್ತಾರು ಮೆಟ್ಟಿಲು ಒಂದೊಂದಾಗಿ ಇಳಿದು, ಕಂಬದ ಕೆಳಗೆ ನಿಂತು, ಎಂದಿನ ಗತ್ತಿನಲ್ಲೇ ಘೋಷಿಸಿದರು.

“ಟ್ಯಾಂಕ್ ಏಳು. ನೀರು ಎಂಟು ಸಾವಿರದ ಇನ್ನೂರ ಹದಿನೈದು. ಬಾಟಲಿ ಹನ್ನೊಂದು ಸಾವಿರದ ಆರುನೂರ ನಲವತ್ತು. ನನ್ನ ಕಣ್ಣಾರೆ ನೋಡಿದ್ದು.”

ಯಾರಿಗೂ ಏನೂ ಅರ್ಥವಾಗಲಿಲ್ಲ. ಕಾವಲುಗಾರ ಅಭ್ಯಾಸಬಲದಿಂದ, “ಸರಿಹೋಯ್ತು,” ಎಂದ.

“ಯಾವ ಬಾಟಲಿ?” ಎಂದರು ಸಾಹೇಬರು.

“ಇದೇ ಸಾರ್. ಕೊಳವೆ ಒಳಗೆ ತಂಪಿರುತ್ತೆ. ಮುಚ್ಚಳದ ಹಿಂದೆ ಒಂದು ಕೊಕ್ಕೆ ಇದೆ, ಇಪ್ಪತ್ತಾರು ವರ್ಷದಿಂದ ಅಲ್ಲೇ ನೇತುಹಾಕ್ತೀನಿ. ಕುಡಿಯೋಕೆ ಅಂತ ಹೊರಗೆ ತೆಗೆದಾಗಲೆಲ್ಲ ಸೈರನ್ ನಿಲ್ತಾ ಇತ್ತು. ಇವತ್ತು ಕುಡೀದೆ ವಾಪಸ್ ನೇತುಹಾಕಿದೆ, ಮತ್ತೆ ಕೂಗ್ತು. ನನ್ನ ಕೈಯಲ್ಲಿ ಏನೂ ಇಲ್ಲ ಸಾರ್. ತಪ್ಪು ಯಂತ್ರದ್ದಲ್ಲ.”

ಮ್ಯಾನೇಜರು ಒಮ್ಮೆಲೇ ಬಾವುಟದ ಕಂಬವನ್ನು ಆಸಕ್ತಿಯಿಂದ ನೋಡತೊಡಗಿದರು. ಕ್ಯಾಂಟೀನಿನವನ ಕೈಯಲ್ಲಿ ಕೆಟಲು ಸೊಟ್ಟಗಾಗಿ ಟೀ ಸುರಿಯುತ್ತಿತ್ತು. ಸಾಹೇಬರು ಕೇಳಿದರು, “ನೀವು ಸುಮ್ಮನಿದ್ರೆ ನಿಮ್ಮ ಕೆಲಸ ಉಳೀತಿತ್ತಲ್ರೀ. ಗೊತ್ತಿತ್ತಾ?”

“ಗೊತ್ತಿತ್ತು ಸಾರ್. ಆದ್ರೆ ನೋಡಿದ್ದು ಬಿಟ್ಟು ಬೇರೆ ಅಂಕಿ ಹೇಳಿ ನನಗೆ ಅಭ್ಯಾಸ ಇಲ್ಲ.”

ಎಂಜಿನಿಯರ್ ಹುಡುಗಿ ಅಷ್ಟರಲ್ಲಿ ನನ್ನ ಕಿಟಕಿಗೆ ಬಂದು ಪುಸ್ತಕ ಕಿತ್ತುಕೊಂಡಿದ್ದಳು. “ಬಾಟಲಿಯ ಎಲ್ಲಿಯವರೆಗೆ ಅಳೆದ್ರಿ ಸಾರ್, ತಳಕ್ಕಾ?” ಎಂದು ಕೂಗಿ ಕೇಳಿದಳು.

“ತಳಕ್ಕೆ ಯಾಕಮ್ಮ? ಅದು ಮೇಲಿಂದ ತಾನೆ ನೋಡೋದು. ಬಾಟಲಿ ಮುಚ್ಚಳಕ್ಕೆ ಅಳೆದೆ. ಏಳುನೂರ ತೊಂಬತ್ತು ಖಾಲಿ. ಅದನ್ನ ಹನ್ನೆರಡು ಸಾವಿರದ ನಾನೂರ ಮೂವತ್ತರಲ್ಲಿ ಕಳೆದೆ.”

ಅವಳು ಜಡೆಯಿಂದ ಸ್ಕ್ರೂಡ್ರೈವರ್ ತೆಗೆದು ಪುಸ್ತಕದ ಸಾಲಿನ ಮೇಲೆ ಓಡಿಸಿದಳು. ದಿನಾ 11,640. ಒಂದು ಮಿಲಿಮೀಟರ್ ಆಚೆ ಇಲ್ಲ, ಈಚೆ ಇಲ್ಲ. ಸಾಹೇಬರ ಮುಂದೆ ಹೋಗಿ ನಿಂತಳು.

“ಸಾರ್, ಯಂತ್ರ ಅಳೆಯೋದು ಖಾಲಿ ಜಾಗ ಮಾತ್ರ. ಟ್ಯಾಂಕಿನ ಎತ್ತರ ಎಷ್ಟು ಅಂತ ಅದಕ್ಕೆ ಮನುಷ್ಯರೇ ಹೇಳಿಕೊಡ್ಬೇಕು. ಆ ಎತ್ತರ ಒಂದು ಮಿಲಿಮೀಟರ್ ತಪ್ಪಿದ್ರೂ ಯಂತ್ರ ಜೀವಮಾನ ಪೂರ್ತಿ ತಪ್ಪು ಹೇಳುತ್ತೆ. ಇವರು ಅಳೆದಿಟ್ಟ ಎತ್ತರ ತಪ್ಪಿಲ್ಲ. ಇನ್ನೂ ಆರು ಟ್ಯಾಂಕಿದೆ. ಕೂರಿಸಿದ ಮೇಲೂ ತಿಂಗಳಿಗೊಮ್ಮೆ ಕೈಯಿಂದ ಅಳೆದು ತಾಳೆ ನೋಡ್ಬೇಕು, ಅದು ನಿಯಮ. ನನಗೆ ಈ ಕೈ ಬೇಕು.”

ಸಾಹೇಬರು ಬಾಟಲಿಯನ್ನು ಇಸಿದುಕೊಂಡು ಹಿಂದೆ ಮುಂದೆ ನೋಡಿದರು. “ಯಂತ್ರ ಪಾಸು,” ಎಂದರು. “ಇವರೂ ಪಾಸು. ಗೇಟಿಗೆ ಬೇರೆ ಯಾರನ್ನಾದ್ರೂ ನೋಡಿ. ಮತ್ತೆ ಆ ಮೆಟ್ಟಿಲ ಹತ್ರ ಒಂದು ತಣ್ಣೀರಿನ ಯಂತ್ರ ಇಡಿಸ್ರೀ.”

ಅಂದು ಸಂಜೆ ಅಕ್ಕನಿಗೆ ನಾನು ಎಲ್ಲವನ್ನೂ ಹೇಳಿದೆ. ಕೈಗುಣ ಸುಳ್ಳೆಂದು ತಿಳಿದು ಅವಳ ಮುಖ ಸಣ್ಣದಾಗಬಹುದು ಎಂದುಕೊಂಡಿದ್ದೆ. ಅವಳು ಬಾಟಲಿಯನ್ನು ಎರಡು ಸಲ ತೊಳೆದು, ಒರೆಸಿ, ಪಡಸಾಲೆಯ ಶೋಕೇಸಿನಲ್ಲಿ ಮದುವೆ ಫೋಟೋದ ಪಕ್ಕ ಇಟ್ಟಳು. “ಅರವತ್ತಮೂರು ಜನರ ಮುಂದೆ ಹೇಳಿದ್ರಾ?” ಎಂದು ಮೂರು ಸಲ ಕೇಳಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ರೀ, ಇವತ್ತಿಂದ ಪಾತ್ರೆಗೆ ಬನ್ನಿ,” ಎಂದಳು. ನನಗೂ ಭಾವನ ಬಗ್ಗೆ ಅಷ್ಟು ಹೆಮ್ಮೆಯಾಗಿದ್ದು ಅದೇ ಮೊದಲು. ಪಾತ್ರೆಯ ವಿಷಯ ಇತ್ಯರ್ಥವಾದದ್ದೂ ಅದರಲ್ಲಿ ಸೇರಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಯಂತ್ರ ಹಿಡಿದು ಓಡೋಡಿ ಬಂದರು. ಮನೆಯಿಂದಲೇ ತೋಳಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದರು.

“ಮತ್ತೆ ನೂರ ಎಪ್ಪತ್ತು ತೋರಿಸ್ತಿದೆ. ಸ್ವಲ್ಪ ಕೈ ಇಡಿ.”

ಭಾವ ಸೋಪಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದರು. ಯಂತ್ರವನ್ನು ಮುಟ್ಟಲಿಲ್ಲ. ಮೇಷ್ಟ್ರ ತೋಳನ್ನು ಬಹಳ ಹೊತ್ತು ನೋಡಿದರು.

“ಮೇಷ್ಟ್ರೇ, ನಡುವೆ ಏನೋ ಅಡ್ಡ ಇದೆ. ಸ್ವೆಟರ್ ಬಿಚ್ಚಿ.”

ಮೇಷ್ಟ್ರು ಬಿಚ್ಚಿದರು. ಬರಿ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಅಂಕಿ ನೋಡಿ, ನೇರ ನಿಂತು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು.

“ಮೇಷ್ಟ್ರು. ನೂರ ಮೂವತ್ತೆರಡು. ನನ್ನ ಕಣ್ಣಾರೆ ನೋಡಿದ್ದು.”